ಒಂಬತ್ತು ಮನೆಯ ಮುತ್ತಜ್ಜ

ಆ ಭಾನುವಾರ ಏನೇನು ಕೆಡಬಹುದು ಎಂದು ನಾನು ಮೊದಲೇ ಪಟ್ಟಿ ಮಾಡಿಟ್ಟುಕೊಂಡಿದ್ದೆ. ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್ ಎಂದು ರೈಲು ನಿಲ್ಲಿಸಿ ಡೊಂಬಿವಲಿಯ ಪುರೋಹಿತರು ಠಾಣೆಯಲ್ಲೇ ಸಿಕ್ಕಿಕೊಳ್ಳಬಹುದು. ಸೊಸೈಟಿಯ ಸಭಾಂಗಣವನ್ನು ಅದೇ ಹೊತ್ತಿಗೆ ಜುಂಬಾ ಕ್ಲಾಸಿಗೂ ಕೊಟ್ಟಿರಬಹುದು. ನಾವು ಒಂಬತ್ತು ಮಂದಿ ಗಂಡಸರು ಪಂಚೆ ಉಟ್ಟು ಬರಿಮೈಯಲ್ಲಿ ಕುಳಿತಿರುವಾಗ ಸಿ ವಿಂಗಿನ ಹೆಂಗಸರು ಸ್ಪೀಕರ್ ಹಿಡಿದು ಒಳಗೆ ಬರಬಹುದು. ಎಳ್ಳು ಮುಗ್ಗಲು ಹಿಡಿದಿರಬಹುದು. ದರ್ಭೆ ಎಂದು ಅಂಗಡಿಯವನು ಕೊಟ್ಟದ್ದು ಪೊರಕೆಯ ಕಡ್ಡಿಯಾಗಿರಬಹುದು. ಪಾಯಸ ಕುದಿಯುವ ಹೊತ್ತಿಗೇ ಗ್ಯಾಸ್ ಮುಗಿಯಬಹುದು. ಲಿಫ್ಟ್ ನಿಂತು ಮೂರನೆಯ ಮಹಡಿಯ ರಮೇಶ ಬಾಳೆಎಲೆಯ ಕಟ್ಟಿನ ಸಮೇತ ಎರಡು ಮಹಡಿಗಳ ನಡುವೆ ಉಳಿಯಬಹುದು. ಒದ್ದೆ ನೆಲದಲ್ಲಿ ಯಾರಾದರೂ ಜಾರಿ ಬೀಳಬಹುದು. ಪಿತೃಕಾರ್ಯಕ್ಕೆ ಬಂದವನು ಪಿತೃಗಳ ಸಾಲಿಗೇ ಸೇರಬಹುದು.

ಒಟ್ಟು ಹದಿನೇಳು. ಮಗಳು ಪಟ್ಟಿಯನ್ನು ನೋಡಿ, "ಪಪ್ಪಾ, ಭೂಕಂಪ ಬರ್ದೇ ಇಲ್ಲ" ಅಂದಳು. ಹದಿನೆಂಟನೆಯದಾಗಿ ಬರೆದುಕೊಂಡೆ.

ನನ್ನದು ವಿಮಾ ಕಚೇರಿಯ ಅಪಘಾತ ವಿಭಾಗದಲ್ಲಿ ಕೆಲಸ. ಇಪ್ಪತ್ತಾರು ವರ್ಷದಿಂದ ಜನ ಹೇಗೆಲ್ಲ ಬೀಳುತ್ತಾರೆ ಎಂಬುದನ್ನೇ ಓದುತ್ತಿದ್ದೇನೆ. ಮೆಟ್ಟಿಲು ಕಂಡರೆ ನನಗೆ ಮೊದಲು ಬಿದ್ದವನು ಕಾಣುತ್ತಾನೆ, ಆಮೇಲೆ ಮೆಟ್ಟಿಲು. ಹಾಗಾಗಿ ಮಹಾಲಯ ಅಮಾವಾಸ್ಯೆಯ ಆ ಸಾಮೂಹಿಕ ತರ್ಪಣದ ಏರ್ಪಾಟನ್ನು ಬಿಲ್ಡಿಂಗಿನವರು ನನ್ನ ತಲೆಗೆ ಕಟ್ಟಿದ್ದು ಸರಿಯೇ. ಅಷ್ಟೂ ಏರ್ಪಾಟು ನಡೆದದ್ದು ಒಬ್ಬರಿಗಾಗಿ.

ಅವರಿದ್ದದ್ದು ಮುಲುಂಡಿನ ನಮ್ಮ ಬಿಲ್ಡಿಂಗಿನ ನೆಲಮಹಡಿಯಲ್ಲಿ, ನೀರಿನ ಪಂಪಿನ ಪಕ್ಕದ ಮನೆಯಲ್ಲಿ. ಎಲ್ಲರೂ ಅವರನ್ನು ಅಣ್ಣ ಎಂದು ಕರೆಯುತ್ತಿದ್ದರು, ಅವರ ಹೆಂಡತಿಯನ್ನು ಅತ್ತಿಗೆ ಎಂದು. ಮಕ್ಕಳಿರಲಿಲ್ಲ. ಸ್ಟೇಶನ್ ಎದುರಿನ ಒಂದು ಉಡುಪಿ ಹೋಟೆಲಿನಲ್ಲಿ ನಲವತ್ತು ವರ್ಷ ಸಪ್ಲಾಯರ್ ಆಗಿದ್ದವರು. ಟೇಬಲುಗಳ ನಡುವಿನ ಸಂದಿಯಲ್ಲೇ ಆಯುಷ್ಯ ಕಳೆದದ್ದರಿಂದ ಅವರು ನಡೆಯುತ್ತಿದ್ದದ್ದು ಅಡ್ಡಡ್ಡವಾಗಿ. ಎಷ್ಟೇ ಅಗಲದ ರಸ್ತೆಯಿರಲಿ, ಬಲಹೆಗಲು ಮುಂದೆ, ಎಡಹೆಗಲು ಹಿಂದೆ. ಎಡಗೈ ಮೊಣಕೈಯಲ್ಲಿ ಮಡಚಿಕೊಂಡೇ ಇರುತ್ತಿತ್ತು, ಐದು ಪ್ಲೇಟುಗಳಿಗೆ ಜಾಗ ಕಾದಿರಿಸಿದ ಹಾಗೆ. ನಿವೃತ್ತಿಯಾದ ಮೇಲೆ ಆ ಕೈಗೆ ಏನೂ ಕೆಲಸವಿರಲಿಲ್ಲ. ಆದರೂ ಬೆಳಗಿನ ವಾಕಿಂಗಿನಲ್ಲಿ ಅವರ ಎಡಗಡೆಗೆ ಯಾರೂ ಹೋಗುತ್ತಿರಲಿಲ್ಲ. ಸಾಂಬಾರು ಚೆಲ್ಲೀತು ಎಂಬ ಭಯ ನಮಗೂ ಅಂಟಿತ್ತು.

ಆರ್ಡರನ್ನು ಒಂದು ದಿನವೂ ಬರೆದುಕೊಂಡವರಲ್ಲ. ನಲವತ್ತು ಟೇಬಲಿನ ಊಟ ತಿಂಡಿ ಹೆಬ್ಬೆರಳ ತುದಿಯಲ್ಲಿ, ಬೆರಳ ಗೆಣ್ಣುಗಳ ಮೇಲೆ ಇರುತ್ತಿತ್ತು. ನನ್ನ ಮೇಲಧಿಕಾರಿಯನ್ನು ಒಮ್ಮೆ ಮನೆಗೆ ಕರೆತಂದಿದ್ದೆ. ಗೇಟಿನಲ್ಲಿ ಅವರನ್ನು ನೋಡಿದ ಅಣ್ಣ ಕಣ್ಣು ಕಿರಿದು ಮಾಡಿ, "ಎರಡು ಇಡ್ಲಿ, ಮುಳುಗಿಸಿ, ಮೇಲೆ ಒಂದು ಚಮಚ ತುಪ್ಪ" ಅಂದರು. ಹದಿನೆಂಟು ವರ್ಷದ ಹಿಂದೆ ಆ ಅಧಿಕಾರಿ ಮುಲುಂಡಿನಲ್ಲಿ ಟ್ರೈನಿ ಆಗಿದ್ದರಂತೆ. ಕಣ್ಣಲ್ಲಿ ನೀರು ತಂದುಕೊಂಡರು. ನನಗೆ ಆ ವರ್ಷವೂ ಬಡ್ತಿ ಕೊಡಲಿಲ್ಲ, ಅದು ಬೇರೆ ಮಾತು.

ದೇವರ ಜೊತೆಗೂ ಅದೇ ರೀತಿ. ಬೆಳಿಗ್ಗೆ ಆರಕ್ಕೆ ದೇವರ ಮುಂದೆ ನಿಂತು ಅಡುಗೆಮನೆಗೆ ಕೇಳುವ ಹಾಗೆ ಕೂಗುತ್ತಿದ್ದರು: "ಕೃಷ್ಣನಿಗೆ ಒಂದು ಅವಲಕ್ಕಿ, ಒಂದು ಹಾಲು, ಸಕ್ಕರೆ ಬೇರೆ. ಗಣಪತಿಗೆ ಒಂದು ಬೆಲ್ಲ, ಪಾರ್ಸೆಲ್." ಪಾರ್ಸೆಲ್ ಯಾಕೆ ಎಂದು ನಾನು ಕೇಳಿದ್ದೆ. "ಅವನಿಗೆ ಮನೆ ಮನೆ ಹೋಗ್ಲಿಕ್ಕುಂಟಲ್ಲ ಮಾರಾಯ, ಕೂತು ತಿನ್ಲಿಕ್ಕೆ ಎಲ್ಲಿ ಪುರ್ಸೊತ್ತು" ಅಂದರು.

ನಲವತ್ತು ಟೇಬಲನ್ನು ನೆನಪಿಡುವವರಿಗೆ ನಮ್ಮ ನಾಲ್ಕು ತಲೆಮಾರು ಎಷ್ಟರದ್ದು ಎಂದು ನಾವು ನಾವೇ ತೀರ್ಮಾನಿಸಿಕೊಂಡೆವು. ನಮ್ಮ ಅಪ್ಪಂದಿರೆಲ್ಲ ಹತ್ತು ಹನ್ನೊಂದು ವರ್ಷಕ್ಕೆ ಊರು ಬಿಟ್ಟು, ಹೋಟೆಲುಗಳಲ್ಲಿ ಲೋಟ ತೊಳೆಯುತ್ತ ದೊಡ್ಡವರಾದವರು. ಬರುವಾಗ ಒಂದು ಟ್ರಂಕು ತಂದಿದ್ದರು. ವಂಶವೃಕ್ಷ ಅದರಲ್ಲಿ ಹಿಡಿಸಿರಲಿಲ್ಲ. ನನ್ನ ಅಪ್ಪನಿಗೆ ತನ್ನ ಅಜ್ಜನೆಂದರೆ ಕತ್ತಲೆ ಕೋಣೆಯೊಳಗಿನ ಒಂದು ಕೆಮ್ಮು, ಅಷ್ಟೇ. ಕೆಮ್ಮಿನ ಹೆಸರು ಗೊತ್ತಿರಲಿಲ್ಲ.

ಅಪ್ಪ ತೀರಿಹೋದ ಹನ್ನೆರಡನೆಯ ದಿನ ಅದು ತೊಂದರೆಗೆ ಬಂತು. ಪುರೋಹಿತರು ನನ್ನ ಅಜ್ಜನ ಹೆಸರು ಕೇಳಿದರು, ಹೇಳಿದೆ. ಮುತ್ತಜ್ಜನ ಹೆಸರು ಕೇಳಿದರು. ನಾನು ಹೆಂಡತಿಯ ಮುಖ ನೋಡಿದೆ. ಅವಳಿಗೆ ಹೇಗೆ ಗೊತ್ತಿರಬೇಕು?

"ಗೊತ್ತಿಲ್ಲದಿದ್ದರೆ ದೇವರ ಹೆಸರು ಹೇಳಿ, ನಡೀತದೆ. ಹಾಗೆ ಶಾಸ್ತ್ರ ಉಂಟು" ಅಂದರು ಪುರೋಹಿತರು.

ಚಹಾದ ಫ್ಲಾಸ್ಕ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಣ್ಣ ಅಡ್ಡವಾಗಿ ಒಳಗೆ ಬಂದರು. "ಅದೆಂತದು ಭಟ್ರೇ, ಹೆಸರಿಲ್ಲದೆ ಊಟಕ್ಕೆ ಕರೆಯುವುದು? ಯಾರು ಎದ್ದು ಬರ್ತಾರೆ? ಮಂಜಪ್ಪಯ್ಯ ಅಂತ ಹೇಳಿ."

"ನಿಮಗೆ ಹೇಗೆ ಗೊತ್ತು?" ಅಂದೆ.

"ನಿನ್ನ ಅಪ್ಪನೇ ಹೇಳಿದ್ದು ಮಾರಾಯ. ಒಮ್ಮೆ ಸೆಟ್ ದೋಸೆಗೆ ಕಾಯ್ತಾ ಕೂತಿರುವಾಗ."

ಅಪ್ಪ ಸೆಟ್ ದೋಸೆ ತಿಂದದ್ದನ್ನು ನಾನು ಕಂಡಿರಲಿಲ್ಲ. ಆದರೆ ಬೋಳುತಲೆಯಲ್ಲಿ, ಒದ್ದೆ ಪಂಚೆಯಲ್ಲಿ ಕುಳಿತವನು ಅಂಥ ತಕರಾರು ಎತ್ತುವುದಿಲ್ಲ. ಅಂದಿನಿಂದ ಮಂಜಪ್ಪಯ್ಯ ನನ್ನ ಮುತ್ತಜ್ಜರಾದರು.

ಹೆಸರಿನ ಹಿಂದೆಯೇ ಮಂಜಪ್ಪಯ್ಯನವರೂ ಸ್ವಲ್ಪ ಸ್ವಲ್ಪವಾಗಿ ಬಂದರು. ಒಮ್ಮೆ ನಾನು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಗೇಟಿನಿಂದ ಮೂರನೆಯ ಸಲ ಮನೆಗೆ ಓಡುತ್ತಿದ್ದಾಗ ಅಣ್ಣ ತಡೆದು ನಿಲ್ಲಿಸಿದರು. "ನಿನ್ನ ತಪ್ಪಲ್ಲ. ಮಂಜಪ್ಪಯ್ಯನವರೂ ಹಾಗೇ. ಊರಿನ ಹೊಳೆ ದಾಟುವಾಗ ಮೂರು ಸಲ ದೋಣಿ ಹತ್ತಿ ಇಳೀತಿದ್ರಂತೆ, ತೂತು ಉಂಟಾ ಅಂತ ನೋಡ್ಲಿಕ್ಕೆ. ತೂತು ಇರಲಿಲ್ಲ. ತೊಂಬತ್ತು ವರ್ಷ ಬದುಕಿದ್ರು."

ಆ ಮಾತು ನನಗೆ ಎಷ್ಟು ಸಮಾಧಾನ ಕೊಟ್ಟಿತು ಎಂದು ಹೇಳಲಾರೆ. ಅಲ್ಲಿಯವರೆಗೆ ನಾನೊಬ್ಬ ಪುಕ್ಕಲ. ಅಂದಿನಿಂದ ಒಂದು ಮನೆತನದ ವಾರಸುದಾರ. ಹೆಂಡತಿಯ ತವರಿನವರು ನನ್ನನ್ನು ಆಡಿಕೊಂಡಾಗ ಅವಳೂ, "ಇವರದ್ದು ವಂಶದಲ್ಲೇ ಬಂದದ್ದು" ಎಂದು ಸ್ವಲ್ಪ ಗತ್ತಿನಿಂದ ಹೇಳತೊಡಗಿದಳು. ಮುತ್ತಜ್ಜನಿಗೆ ಬಾಳೆಕಾಯಿ ಪಲ್ಯದಿಂದ ವಾಯುವಾಗುತ್ತಿತ್ತು ಎಂದು ಅಣ್ಣ ಹೇಳಿದ ಮೇಲೆ ಇಪ್ಪತ್ತೆರಡು ವರ್ಷ ನಮ್ಮ ಮನೆಯ ಶ್ರಾದ್ಧಕ್ಕೆ ಬಾಳೆಕಾಯಿ ತಂದಿಲ್ಲ. ಒಂದು ವರ್ಷ ಮಾತ್ರ ನನಗೆ ಸಣ್ಣ ಅನುಮಾನ ಬಂದಿತ್ತು. ಮುತ್ತಜ್ಜ ಎತ್ತರದ ಆಳು ಎಂದು ಹಿಂದೆ ಹೇಳಿದ್ದ ಅಣ್ಣ ಆ ವರ್ಷ ಕುಳ್ಳಗಿದ್ದರು ಎಂದರು. ಕೇಳಿಯೇಬಿಟ್ಟೆ. "ವಯಸ್ಸಾದ ಮೇಲೆ ಬಗ್ಗಿದ್ರು ಮಾರಾಯ. ನೀನೂ ಬಗ್ತಿ, ನೋಡ್ತಾ ಇರು" ಅಂದರು.

ನನ್ನೊಬ್ಬನಿಗೇ ಅಲ್ಲ, ಹಲವರಿಗೆ ಹೀಗೆ ಅಣ್ಣನಿಂದ ಒಬ್ಬೊಬ್ಬ ಮುತ್ತಜ್ಜ ಸಿಕ್ಕಿದ್ದರು. ಸೊಸೈಟಿಯ ಮೀಟಿಂಗಿನಲ್ಲಿ ಬಾಯಿ ತೆರೆಯಲು ಹೆದರುತ್ತಿದ್ದ ರಮೇಶ ಒಂದು ದಿನ ಇದ್ದಕ್ಕಿದ್ದಂತೆ ಎದ್ದು ನಿಂತು ಚೇರ್ಮನ್ನರ ಜೊತೆ ಪಾರ್ಕಿಂಗಿಗೆ ಜಗಳ ಮಾಡಿ ಗೆದ್ದ. ಅವನ ಮುತ್ತಜ್ಜ ಬರಿಯ ಕೋಲು ಬೀಸಿ ಹುಲಿ ಓಡಿಸಿದವರು ಎಂದು ಅಣ್ಣ ಹಿಂದಿನ ದಿನ ಹೇಳಿದ್ದರಂತೆ. ಕಾಂದಿವಲಿಯ ಫ್ಯಾಕ್ಟರಿ ಬಿಟ್ಟು ಸ್ವಂತ ಕ್ಯಾಂಟೀನ್ ಹಾಕಿದ ನಾಲ್ಕನೆಯ ಮಹಡಿಯವನಿಗೆ ನಾಲ್ಕು ಕಸುಬು ಬದಲಿಸಿದ ಮುತ್ತಜ್ಜ. ಗುಟ್ಕಾ ಬಿಟ್ಟವನಿಗೆ, ನಶ್ಯದ ಡಬ್ಬಿಯನ್ನು ಬಾವಿಗೆ ಎಸೆದ ಮುತ್ತಜ್ಜ. ಯಾರೂ ಯಾರ ಮುತ್ತಜ್ಜನ ಹೆಸರನ್ನೂ ಕೇಳಿರಲಿಲ್ಲ. ಅದು ಲಿಫ್ಟಿನಲ್ಲಿ ಆಡುವ ಮಾತಲ್ಲ.

ನನ್ನ ಚಿಂತೆಗೆ ಅವರಲ್ಲಿದ್ದ ಔಷಧಿ ಒಂದೇ ಮಾತು. "ಆರ್ಡರ್ ಕೊಟ್ಟಾಯ್ತಲ್ಲ, ಬರ್ತದೆ. ಲೇಟಾಗಬಹುದು, ತಣ್ಣಗಿರಬಹುದು, ಪಕ್ಕದ ಟೇಬಲಿನದ್ದು ಬರಬಹುದು. ಆದ್ರೆ ಬರ್ತದೆ." ಇಷ್ಟು ನಿಶ್ಚಿಂತ ಮನುಷ್ಯನನ್ನು ನಾನು ನೋಡಿಲ್ಲ ಎಂದೇ ತಿಳಿದಿದ್ದೆ.

ಹೋದ ವರ್ಷದ ಯುಗಾದಿಯ ಮಾರನೆಯ ಬೆಳಿಗ್ಗೆ, ದೇವರ ಆರ್ಡರುಗಳನ್ನು ಮುಗಿಸಿ, ಅತ್ತಿಗೆಯ ಹತ್ತಿರ ಒಂದು ಕಾಫಿ ಕೇಳಿ ಕುರ್ಚಿಯಲ್ಲಿ ಕುಳಿತರು. ಕಾಫಿ ಬರುವಾಗ ಇರಲಿಲ್ಲ. ತನಗಾಗಿ ಅವರು ಕೊಟ್ಟ ಆರ್ಡರು ಬಹುಶಃ ಅದೊಂದೇ. ಅದಕ್ಕೂ ಕಾಯಲಿಲ್ಲ. ಅತ್ತಿಗೆಯ ಸೋದರಳಿಯ ಪುಣೆಯಿಂದ ಬಂದು ಉತ್ತರಕ್ರಿಯೆ ಮುಗಿಸಿದ, ಈ ವರ್ಷ ವರ್ಷಾಂತಿಕವನ್ನೂ ಮುಗಿಸಿದ. ಇದು ಅವರ ಪಾಲಿಗೆ ಬಂದ ಮೊದಲನೆಯ ಮಹಾಲಯ. ಅವರ ಮಾತಿನ ಮೇಲೆ ಶ್ರಾದ್ಧ ಮಾಡುತ್ತ ಬಂದ ನಾವು ಒಂಬತ್ತು ಮನೆಯವರು ಒಟ್ಟಿಗೆ ಕುಳಿತು, ನಮ್ಮ ನಮ್ಮ ಹಿರಿಯರಿಗೆ ಬಿಟ್ಟಾದ ಮೇಲೆ ಅವರಿಗೂ ಎಳ್ಳುನೀರು ಬಿಡೋಣ ಎಂದು ಮಾತಾಯಿತು.

ಹದಿನೆಂಟರಲ್ಲಿ ಒಂದೂ ನಡೆಯಲಿಲ್ಲ. ಪುರೋಹಿತರು ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಬಂದರು. ಜುಂಬಾದವರು ಹಿಂದಿನ ದಿನವೇ ಮುಗಿಸಿದ್ದರು. ಲಿಫ್ಟ್ ಹಾರಿಕೊಂಡು ಬಂತು. ಮಗಳು ಎಲ್ಲರ ಪಂಚಪಾತ್ರೆಗೆ ನೀರು ತುಂಬಿದಳು. ಅತ್ತಿಗೆ ಗೋಡೆಯ ಬದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತರು. ನಾವು ಜನಿವಾರವನ್ನು ಬಲಹೆಗಲಿಗೆ ಹಾಕಿಕೊಂಡು, ಎದುರಿಗೆ ಒಂದೊಂದು ಹರಿವಾಣ ಇಟ್ಟುಕೊಂಡು, ಸಾಲಾಗಿ ಕುಳಿತೆವು. ಕೆಡುಕು ಯಾವ ಕಡೆಯಿಂದ ಬರಬಹುದೆಂದು ನಾನು ಸಭಾಂಗಣದ ನಾಲ್ಕು ಮೂಲೆಯನ್ನೂ ನೋಡುತ್ತಿದ್ದೆ.

"ಎಲ್ಲರೂ ನಿಮ್ಮ ನಿಮ್ಮ ತಂದೆಯ ಹೆಸರು ಜೋರಾಗಿ ಹೇಳಿ" ಅಂದರು ಪುರೋಹಿತರು. ಒಂಬತ್ತು ಹೆಸರು ಒಟ್ಟಿಗೇ ಹೊರಟು ದಾದರ್ ಸ್ಟೇಶನ್ನಿನ ಗದ್ದಲವಾಯಿತು. ಅಜ್ಜನ ಹೆಸರಿಗೂ ಅದೇ ಗದ್ದಲ. "ಇನ್ನು ಮುತ್ತಜ್ಜನ ಹೆಸರು."

"ಮಂಜಪ್ಪಯ್ಯ."

ಶಾಲೆಯ ಮಕ್ಕಳು ಪ್ರಾರ್ಥನೆ ಹೇಳಿದ ಹಾಗೆ, ಒಂದೇ ಸ್ವರ. ಗದ್ದಲ ನಿಂತ ಕೂಡಲೇ ಫ್ಯಾನಿನ ಸದ್ದು ಕೇಳಿಸಿತು.

ಪುರೋಹಿತರು ಕನ್ನಡಕ ತೆಗೆದರು. "ನೀವೆಲ್ಲ ದಾಯಾದಿಗಳಾ?"

ಅಲ್ಲ ಎಂದೆವು. ಗೋತ್ರ ಕೇಳುತ್ತ ಹೋದರು. "ಒಂಬತ್ತು ಜನ, ಆರು ಗೋತ್ರ, ಒಬ್ಬನೇ ಮುತ್ತಜ್ಜ. ಎಂತ, ವರ್ಗವಾಗುವ ನೌಕರಿಯಾ ಅವರದ್ದು?"

ನಾನು ರಮೇಶನ ಕಡೆ ನೋಡಿದೆ. ಅವನು ನನ್ನ ಕಡೆ ನೋಡಿದ.

"ನಿಮ್ಮದೂ ಮಂಜಪ್ಪಯ್ಯನಾ? ಹುಲಿ ಓಡಿಸಿದವರಾ?" ಅಂದ.

"ಹುಲಿ ಎಂತದು? ನಮ್ಮವರು ದೋಣಿ ಹತ್ತಲಿಕ್ಕೆ ಹೆದರ್ತಿದ್ದವರು."

"ಕೋಲಲ್ಲಿ ಹುಲಿ ಓಡಿಸಿದವ ದೋಣಿಗೆ ಹೆದರುವುದುಂಟಾ?"

"ದೋಣಿಗೆ ಹೆದರುವವ ಹುಲಿ ಬರುವ ಜಾಗಕ್ಕೆ ಯಾಕೆ ಹೋಗ್ತಾನೆ?"

ಗುಟ್ಕಾ ಬಿಟ್ಟವನು ನಡುವೆ ಬಾಯಿ ಹಾಕಿ, ನಶ್ಯದ ಡಬ್ಬಿ ಎಸೆದದ್ದಂತೂ ಖಾತ್ರಿ, ಅದನ್ನು ಯಾರೂ ಮುಟ್ಟಬಾರದು ಎಂದ. ಒಬ್ಬ ಮುದುಕನನ್ನು ಒಂಬತ್ತು ಮಂದಿ ಒಂಬತ್ತು ಕಡೆಗೆ ಎಳೆದೆವು. ಮಗಳು ನೀರಿನ ತಂಬಿಗೆ ಹಿಡಿದುಕೊಂಡೇ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಪಪ್ಪಾ, ಮತ್ಲಬ್, ನಿಮ್ದು ಟೆನ್ಶನ್ ಖಾನ್ದಾನಿ ಅಲ್ಲ? ನಿಮ್ದೇ?"

ಇಪ್ಪತ್ತೆರಡು ವರ್ಷದ ವಾರಸುದಾರಿಕೆ ಒಂದು ಪ್ರಶ್ನೆಗೆ ಹೋಯಿತು. ನಾನು ಮತ್ತೆ ಪುಕ್ಕಲನಾದೆ, ಅದೂ ಸ್ವಯಾರ್ಜಿತ.

"ಅದು ನಮ್ಮ ಮಾವನವರ ಹೆಸರು" ಅಂದರು ಅತ್ತಿಗೆ.

ಅವರು ಅಷ್ಟು ಹೊತ್ತೂ ಅಲ್ಲೇ ಇದ್ದರೆಂಬುದು ನಮಗೆ ಆಗ ನೆನಪಾಯಿತು. ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಹಾಲಿನ ಪ್ಯಾಕೆಟ್ ಬಂದಿಲ್ಲ ಎಂದು ಹೇಳುವ ಧಾಟಿಯಲ್ಲೇ ಹೇಳಿದರು. ಅವರ ಗಂಡ ಹನ್ನೊಂದು ವರ್ಷಕ್ಕೆ ಮುಂಬಯಿಗೆ ಬಂದವರು. ಮರುವರ್ಷ ಅಪ್ಪ ಸತ್ತ ಕಾಗದ ಬಂತು, ಅಷ್ಟರಲ್ಲಿ ಹದಿಮೂರು ದಿನವೂ ಕಳೆದಿತ್ತು. ಹೋಟೆಲಿನ ಯಜಮಾನರು ಅರ್ಧ ದಿನ ರಜೆ ಕೊಟ್ಟರು. ಅರ್ಧ ದಿನದಲ್ಲಿ ಎಲ್ಲಿಗೆ ಹೋಗುವುದೆಂದು ತಿಳಿಯದೆ ಸ್ಟೇಶನ್ನಿನಲ್ಲಿ ಕುಳಿತು, ಸಂಜೆಯ ತಿಂಡಿಯ ಹೊತ್ತಿಗೆ ವಾಪಸು ಬಂದರು.

"ತಾನಿರುವ ತನಕ ತಾನೇ ಎಳ್ಳುನೀರು ಬಿಡ್ತಿದ್ರು. ಆಮೇಲೆ ಅಪ್ಪನಿಗೆ ಯಾರು, ಅದೊಂದೇ ಚಿಂತೆ. ನಮಗೆ ಮಕ್ಕಳಿಲ್ಲವಲ್ಲ. ಅಪ್ಪನ ಹೆಸರನ್ನು ಹೀಗೆ ನಿಮಗೆಲ್ಲ ಕೊಡುವುದು ಬೇಡ ಅಂತ ನಾನು ಹೇಳಿದ್ದೆ. ಇರುವ ಪಂಕ್ತಿಯಲ್ಲೇ ಒಂದು ಎಲೆ ಕೂಡಿಸಿದ್ದು, ಯಾರಿಗೆ ಎಂತ ಕಮ್ಮಿ ಆಯ್ತು ಅಂತ ನನಗೇ ಕೇಳ್ತಿದ್ರು."

"ಹಾಗಾದ್ರೆ ಹುಲಿ?" ಅಂದ ರಮೇಶ. ಅವನ ಧ್ವನಿ ಸಣ್ಣದಾಗಿತ್ತು.

"ಹುಲಿಯೂ ಇಲ್ಲ, ದೋಣಿಯೂ ಇಲ್ಲ. ಅವರಿಗೆ ಅಪ್ಪನ ಮುಖವೇ ನೆನಪಿರಲಿಲ್ಲ ಮಾರಾಯ. ನಿಮಗೆಲ್ಲ ಒಂದೊಂದು ಹೇಳಿ ಹೇಳಿ ಅವರಿಗೇ ಒಬ್ಬ ಅಪ್ಪ ಆದ್ರು. ಮನೆಗೆ ಬಂದು ನನಗೂ ಹೇಳ್ತಿದ್ರು, ಇವತ್ತು ಅಪ್ಪ ದೋಣಿ ಇಳಿದ್ರು ಅಂತ."

ನನ್ನ ಚಿಂತೆಗೆ ಮದ್ದು ಹೇಳುತ್ತಿದ್ದ ಮನುಷ್ಯ ನನಗಿಂತ ದೊಡ್ಡ ಚಿಂತೆಯನ್ನು ಮಡಚಿದ ಎಡಗೈಯಲ್ಲಿ ಹೊತ್ತುಕೊಂಡು, ಒಂದು ಹನಿ ಚೆಲ್ಲದೆ, ನಮ್ಮ ನಡುವೆ ಅಡ್ಡಡ್ಡ ಓಡಾಡಿದ್ದರು. ನಾನು ಅದನ್ನು ಖಾಲಿ ಕೈ ಎಂದುಕೊಂಡಿದ್ದೆ.

ಪುರೋಹಿತರಿಗೆ ಡೊಂಬಿವಲಿಯಲ್ಲಿ ಇನ್ನೊಂದು ಮನೆಯ ತರ್ಪಣವಿತ್ತು. "ಕತೆ ಎಲ್ಲ ಸರಿ. ಇಷ್ಟು ವರ್ಷ ನೀವು ಕೊಟ್ಟದ್ದು ನಿಮ್ಮವರಿಗೆ ಮುಟ್ಟಲಿಲ್ಲ. ಇನ್ನಾದರೂ ದೇವರ ಹೆಸರು ಹೇಳಿ ಬಿಡಿ. ಈ ಮಂಜಪ್ಪಯ್ಯನನ್ನು ಬಿಟ್ಟುಬಿಡಿ."

"ಬಿಡುವುದೆಂದರೆ ಎಲ್ಲಿಗೆ ಭಟ್ರೇ?" ಅಂದರು ಅತ್ತಿಗೆ. "ಅವರಿಗೆ ಬೇರೆ ಮನೆಯಿಲ್ಲ."

ಅಷ್ಟು ಹೇಳಿ ಅವರು ಮಡಿಲಲ್ಲಿ ಕೈ ಕಟ್ಟಿಕೊಂಡು ನೆಲ ನೋಡತೊಡಗಿದರು. ನಾವು ಒಂಬತ್ತು ಗಂಡಸರು ನಮ್ಮ ನಮ್ಮ ಹರಿವಾಣ ನೋಡಿದೆವು. ಇಂಥ ಹೊತ್ತಿನಲ್ಲಿ ಮೊದಲು ಬಾಯಿ ಬಿಡುವವನು ನಾನಲ್ಲ. ಬಾಯಿ ಬಿಟ್ಟರೆ ಏನಾಗಬಹುದೆಂದು ಕಡಿಮೆಯೆಂದರೂ ನಾಲ್ಕು ಸಂಗತಿ ಹೊಳೆದವು: ಪುರೋಹಿತರು ಎದ್ದು ಹೋಗಬಹುದು, ನನ್ನ ನಿಜವಾದ ಮುತ್ತಜ್ಜ, ಆ ಕೆಮ್ಮು, ಮುನಿಸಿಕೊಳ್ಳಬಹುದು, ನರಕವೆಂಬುದು ಇರಬಹುದು, ಇದ್ದರೆ ನನಗೆ ಅಲ್ಲಿ ಮೆಟ್ಟಿಲ ಕೆಳಗೇ ಜಾಗ ಸಿಗಬಹುದು. ನಾಲ್ಕನ್ನೂ ಎಣಿಸಿ ಮುಗಿಸಿದ ಮೇಲೂ ಅತ್ತಿಗೆ ನೆಲವನ್ನೇ ನೋಡುತ್ತಿದ್ದರು.

"ಎರಡೂ ಬಿಡುವಾ" ಅಂದೆ. "ನಮ್ಮವರಿಗೆ ದೇವರ ಹೆಸರಲ್ಲಿ ಒಂದು. ಮಂಜಪ್ಪಯ್ಯನವರಿಗೆ ಒಂದು, ಪ್ರತಿ ವರ್ಷ. ನನ್ನ ನಂತರ ಮಗಳು ಬಿಡ್ತಾಳೆ."

"ನಾನಾ?" ಅಂದಳು ಮಗಳು. ಆಮೇಲೆ, "ಹೆಸರು ಫೋನಲ್ಲಿ ಬರ್ಕೊಳ್ತೇನೆ" ಅಂದಳು.

"ನಾನೂ ಬಿಡುವವ" ಎಂದ ರಮೇಶ. "ಹುಲಿ ಇರಲಿ ಇ‌ಲ್ಲದಿರಲಿ, ಪಾರ್ಕಿಂಗ್ ಸಿಕ್ಕಿದೆ." ಉಳಿದವರು ಹರಿವಾಣವನ್ನು ಹತ್ತಿರಕ್ಕೆ ಎಳೆದುಕೊಂಡರು.

ಪುರೋಹಿತರು ಗಡಿಯಾರ ನೋಡಿದರು, ಅತ್ತಿಗೆಯನ್ನು ನೋಡಿದರು. "ಮಹಾಲಯದಲ್ಲಿ ಸ್ನೇಹಿತರಿಗೆ, ಗುರುಗಳಿಗೆ, ಅನ್ನ ಹಾಕಿದವರಿಗೆ ಬಿಡಬಹುದು. ಅನ್ನ ಬಡಿಸಿದವರ ತಂದೆಗೆ ಅಂತ ಎಲ್ಲೂ ಬರೆದಿಲ್ಲ. ಬಾರದು ಅಂತಲೂ ಬರೆದಿಲ್ಲ. ಹೂಂ, ನೀರು ತಕ್ಕೊಳ್ಳಿ."

ಹೆಸರು ಕಳೆದುಕೊಂಡ ನಮ್ಮ ಒಂಬತ್ತು ಮುತ್ತಜ್ಜಂದಿರಿಗೆ ದೇವರ ಹೆಸರಿನಲ್ಲಿ ನೀರು ಬಿಟ್ಟೆವು. ಮಂಜಪ್ಪಯ್ಯನವರಿಗೆ ಬಿಟ್ಟೆವು. ಅತ್ತಿಗೆ ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳಿಟ್ಟು ಒಂಬತ್ತನ್ನೂ ಎಣಿಸುತ್ತಿದ್ದರು. "ಮಾವನವರು ಬದುಕಿದ್ದಾಗ ಒಂದು ಹೊತ್ತು ಸರಿಯಾಗಿ ಉಂಡವರಲ್ಲವಂತೆ" ಎಂದರು, ಯಾರಿಗೆಂದಿಲ್ಲ.

"ಇನ್ನು ಕೊನೆಯದು. ನಿಮ್ಮ ಅಣ್ಣನ ಹೆಸರು ಹೇಳಿ" ಎಂದರು ಪುರೋಹಿತರು.

ನಾನು ರಮೇಶನನ್ನು ನೋಡಿದೆ. ಅವನು ಪಕ್ಕದವನನ್ನು ನೋಡಿದ. ಹಾಗೆ ನೋಟ ಸಾಲಿನ ತುದಿಯವರೆಗೆ ಹೋಗಿ, ಏನೂ ಸಿಗದೆ ನನ್ನಲ್ಲಿಗೆ ವಾಪಸು ಬಂತು. ಬಾಗಿಲ ಮೇಲಿನ ಫಲಕದಲ್ಲಿ ಎರಡು ಇಂಗ್ಲಿಷ್ ಅಕ್ಷರ, ಮುಂದೆ ಭಟ್ ಎಂದಿತ್ತು. ಲಿಫ್ಟಿನಲ್ಲಿ ನಾನೇ ಅಂಟಿಸಿದ ಶ್ರದ್ಧಾಂಜಲಿಯ ಚೀಟಿಯಲ್ಲೂ 'ನಮ್ಮ ಅಣ್ಣ' ಎಂದಷ್ಟೇ ಬರೆದಿದ್ದೆ. ಭೂಕಂಪ ಕೂಡ ಬರೆದುಕೊಂಡವನಿಗೆ ಇದು ಹೊಳೆದಿರಲಿಲ್ಲ. ಎಲ್ಲರೂ ಅತ್ತಿಗೆಯ ಕಡೆ ತಿರುಗಿದೆವು.

"ನಾನು ಹೇಳ್ಲಿಕ್ಕಿಲ್ಲ" ಅಂದರು. ಐವತ್ತು ವರ್ಷ ಗಂಡನ ಹೆಸರು ಹಿಡಿಯದೆ ಸಂಸಾರ ಮಾಡಿದವರು. "ಆ ಹೆಸರು ಹಿಡಿದು ನೀವು ಒಂದು ದಿನವೂ ಕರೆದವರಲ್ಲ. ಈಗ ಕರೆದರೆ ಯಾರನ್ನೋ ಅಂತ ಸುಮ್ಮನೆ ಕೂತಾರು. ಕರೀತಿದ್ದ ಹಾಗೇ ಕರೆಯಿರಿ. ಆ ಕರೆಗೆ ಅವರು ಬಾರದೆ ಇದ್ದದ್ದಿಲ್ಲ."

ಪುರೋಹಿತರು ವಾದ ಮಾಡಲಿಲ್ಲ. ಸುಸ್ತಾಗಿದ್ದಿರಬೇಕು. ನಾವು ಅಂಗೈಯಲ್ಲಿ ಎಳ್ಳು ಹಾಕಿಕೊಂಡೆವು. ಮಗಳು ಸಾಲಿನುದ್ದಕ್ಕೂ ನೀರು ಹಾಕುತ್ತ ಬಂದಳು. ಕೈಯನ್ನು ಹರಿವಾಣದ ಮೇಲೆ ಹಿಡಿದು, ಒಂಬತ್ತು ಮಂದಿಯೂ ಒಟ್ಟಿಗೆ, ಟೇಬಲಿನಲ್ಲಿ ಕುಳಿತು ಕರೆಯುತ್ತಿದ್ದಷ್ಟೇ ಜೋರಾಗಿ ಕರೆದೆವು.

"ಅಣ್ಣಾ."

ಕರೆದ ಅಭ್ಯಾಸಕ್ಕೆ ಎಲ್ಲರೂ ಬಾಗಿಲ ಕಡೆ ತಿರುಗಿದೆವು. ನೀರು ಹರಿವಾಣದ ಹೊರಗೆ, ನೆಲಕ್ಕೆ ಬಿತ್ತು. ಆ ದಿನ ತಪ್ಪಿದ್ದು ಅದೊಂದೇ.